ರಸೀದಿ

ಬಣ್ಣದ ಡಬ್ಬಗಳ ಸಾಲು ದಾಟಿ, ಇಲಿಬೋನುಗಳನ್ನೂ ದಾಟಿ,
ಅಂಗಡಿಯ ತೀರಾ ಹಿಂಭಾಗದಲ್ಲಿ
ಗೋಡೆಗೊರಗಿ ನಿಂತಿದ್ದವು ರೈಫಲ್ಲುಗಳು,
ಮದುವೆಮನೆಯಲ್ಲಿ ಯಾರೂ ಮಾತಾಡಿಸದ
ದೂರದ ನೆಂಟರ ಹಾಗೆ.

"ಮೊದಲ ಸಲವೋ?" ಎಂದ ಆರ್ವಿಡ್.
ಹೂಂ ಅಂದೆ. ಮೂವತ್ತೊಂದು ವಯಸ್ಸು,
ಚೀಸ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ,
ಈವರೆಗೆ ನಾನು ಗುರಿಯಿಟ್ಟದ್ದು
ಗಟ್ಟಿಗಳ ಮೇಲೆ ಅಂಟಿಸುವ ಚೀಟಿ ಮಾತ್ರ.
"ಕೈಯಲ್ಲಿ ಎಷ್ಟಿದೆ?"
"ಇನ್ನೂರೈವತ್ತು."
ಆತ ನಗಲಿಲ್ಲ. ಅಷ್ಟಕ್ಕೇ ಇಷ್ಟವಾದ.

ಕೆಳಸಾಲಿನಿಂದ ಒಂದನ್ನೆತ್ತಿ, ಬೋಲ್ಟ್ ಎಳೆದು,
ಖಾಲಿ ಗೂಡಿಗೆ ಕಿರುಬೆರಳಿಟ್ಟು ತೋರಿಸಿದ:
ನೋಡು, ಏನೂ ಇಲ್ಲ.
ನಾನು ಹೇಳಿದೆನೆಂದು ನಂಬಬೇಡ, ನೀನೂ ನೋಡು.
ಪಾಯಿಂಟ್ ಟೂ ಟೂ. ನಿವೃತ್ತ ಅಂಚೆಯವನೊಬ್ಬನದು.
ಹಿಡಿಯ ಮರದಲ್ಲಿ ಒಂದು ಗೀರು,
ಆ ಗೀರಿಗೆ ಮೂವತ್ತು ಡಾಲರ್ ಕಡಿತ.
ನೂರ ಎಂಬತ್ತೊಂಬತ್ತು.
ಕುದುರೆ ಒಮ್ಮೆ ಎಳೆದರೆ ಒಂದು ಗುಂಡು,
ಮುಂದಿನದು ತಾನೇ ಬಂದು ಕೂರುತ್ತದೆ,
ಕರೆಯದೆಯೇ ಮುಂದೆ ಬರುವ
ಸರದಿಯ ಮನುಷ್ಯನಂತೆ.

ಬೀಗಕ್ಕೆ ಹನ್ನೆರಡು. ಕಿವಿ ಮುಚ್ಚಲು ಇಪ್ಪತ್ತು.
ಗುಂಡಿನ ಡಬ್ಬಿಗೆ ಒಂಬತ್ತು. ಮೇಲೆ ತೆರಿಗೆ.
ಅಗ್ಗವೆಂಬುದು ಯಾವಾಗಲೂ ಹೀಗೆ,
ಒಂದೇ ಬರುವುದಿಲ್ಲ, ಬಳಗ ಕಟ್ಟಿಕೊಂಡು ಬರುತ್ತದೆ.

ಅರ್ಜಿ ತುಂಬಿದೆ. ಫೋನಿನಾಚೆ ಯಾರೋ
ನನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಕೇಳಿಸಿಕೊಂಡರು.
ಪಾ ಜೊಂಗ್ ವೂ. ಅಲ್ಲ, ವೂ. ಹೌದು, ಅಷ್ಟೇ.
ಅಷ್ಟು ಹೊತ್ತೂ ಅಪ್ಪ
ಇಲಿಬೋನುಗಳ ಬೆಲೆ ಓದುತ್ತ ನಿಂತಿದ್ದ.

ಅವನ ಬಲಗಣ್ಣಿಗೆ ಪೊರೆ ಬಂದಿದೆ.
ಕಳೆದ ವರ್ಷ ಓಕ್ ಮರದ ಗಂಟನ್ನು ಅಳಿಲೆಂದು
ಮೂರು ಸಲ ಹೊಡೆದು, ನಾಲ್ಕನೆಯದಕ್ಕೆ ತಾನೇ ನಕ್ಕು,
ಬಂದೂಕನ್ನು ನನ್ನ ಸೋದರಮಾವನಿಗೆ ಕೊಟ್ಟುಬಂದ.
ಮನೆಗೆ ಬಂದು ಅಂದ:
"ಈ ಸಲ ಕಣ್ಣು ನಿನ್ನದು, ಕಾಡು ನನ್ನದು."

"ನೀವೂ ಒಮ್ಮೆ ಹಿಡಿದು ನೋಡಿ," ಎಂದ ಆರ್ವಿಡ್.
ಅಪ್ಪ ಬಂದೂಕನ್ನು ನೋಡಲೇ ಇಲ್ಲ.
ಕೈಗಳು ನೋಡಿದವು.
ನಾನು ರೆಪ್ಪೆ ಬಡಿಯುವುದರೊಳಗೆ
ಎಳೆದು, ತಡವಿ, ತಗ್ಗಿಸಿ,
ಮೂತಿಯನ್ನು ನೆಲಕ್ಕೆ ತಿರುಗಿಸಿ ನಿಂತಿದ್ದ.
ಆರ್ವಿಡ್ ಹೇಳಲು ಹೊರಟಿದ್ದನ್ನು ನುಂಗಿಕೊಂಡ.

ಲಾವೋಸಿನ ಗುಡ್ಡ. ಅಪ್ಪನಿಗೆ ಹದಿಮೂರು.
ವಿಮಾನ ಇಳಿಸಿದ ಪೆಟ್ಟಿಗೆಗಳನ್ನು ಒಡೆದು
ಹುಡುಗರನ್ನು ಒಬ್ಬೊಬ್ಬರಾಗಿ
ಬಂದೂಕಿನ ಪಕ್ಕ ನಿಲ್ಲಿಸಿದರಂತೆ:
ಇದಕ್ಕಿಂತ ಎತ್ತರ ಇದ್ದವನು ಸಾಲಿಗೆ.
ಅಪ್ಪ ಮರದ ಬೇರಿನ ಮೇಲೆ ನಿಂತ.
ಇಷ್ಟೇ ಕಥೆ. ಹಬ್ಬದ ದಿನ ಕುಡಿದಾಗ
ತಮಾಷೆಯೆಂದೇ ಹೇಳುತ್ತಾನೆ,
"ಬೇರಿನ ಮೇಲೆ ನಿಂತೆ" ಎಂಬಲ್ಲಿ ಎಲ್ಲರೂ ನಗುತ್ತೇವೆ.
ಆಮೇಲೆ ಏನಾಯ್ತೆಂದು ಯಾರೂ ಕೇಳುವುದಿಲ್ಲ.
ಅರ್ಜಿ ಇರಲಿಲ್ಲ. ಬೀಗ ಇರಲಿಲ್ಲ.
ಪುಕ್ಕಟೆ. ಜೊತೆಗೆ ಒಂದು ಚೀಲ ಅಕ್ಕಿ.

"ಹತ್ತು ಹಿಡಿಯುತ್ತದೆ," ಎಂದೆ ನಾನು,
ಹೊಸದಾಗಿ ಕಲಿತವಳ ಉತ್ಸಾಹದಲ್ಲಿ.
"ಒಂದೇ ಹಾಕು," ಎಂದ ಅಪ್ಪ.
"ಹಾಗಾದರೆ ಇದನ್ನೇಕೆ ಕೊಳ್ಳುವುದು?"
ಅದಕ್ಕವನು ಏನೂ ಹೇಳಲಿಲ್ಲ. ಆರ್ವಿಡ್ ಮಾತ್ರ
ಮೇಜಿನ ಮೇಲೆ ಇಲ್ಲದ ಧೂಳನ್ನು ಒರೆಸಿದ.

ಇನ್ನೂರ ನಲವತ್ತೆರಡು ಡಾಲರ್, ಅರವತ್ತೈದು ಸೆಂಟ್.
ಉಳಿದದ್ದು ಪೆಟ್ರೋಲಿಗೆ.
ಹೊರಡುವಾಗ ಅಪ್ಪ ತಿರುಗಿ ಕೈ ಚಾಚಿದ:
"ರಸೀದಿ?"
ಕೊಟ್ಟದ್ದನ್ನು ಎಡಗಣ್ಣಿನ ಹತ್ತಿರ ತಂದು
ಒಂದೊಂದೇ ಸಾಲು, ತುಟಿಯಾಡಿಸುತ್ತ ಓದಿದ,
ತೆರಿಗೆಯನ್ನು ಎರಡು ಸಲ.
ನಾಲ್ಕಾಗಿ ಮಡಿಸಿ
ಪರ್ಸಿನಲ್ಲಿ, ಪೌರತ್ವದ ಚೀಟಿಯ ಹಿಂದೆ ಇಟ್ಟ.

ಡಿಕ್ಕಿಯಲ್ಲಿ ಬಂದೂಕು, ಬೇರೆ ಚೀಲದಲ್ಲಿ ಗುಂಡು.
ಇನ್ನೂ ಜೂನ್ ತಿಂಗಳು. ಅಳಿಲಿಗೆ ಸೆಪ್ಟೆಂಬರ್ ಬರಬೇಕು.
ಸೇತುವೆಯ ಮೇಲೆ ಕೆಂಪು ದೀಪಕ್ಕೆ ನಿಂತಾಗ
ಅಪ್ಪ ಕಿಟಕಿಯಾಚೆ ನೋಡುತ್ತಲೇ ಕೇಳಿದ:
"ಸಾರಿಗೆ ಮಜ್ಜಿಗೆ ಹುಲ್ಲು ಇದೆಯಾ ಮನೇಲಿ?"