ನವಿಲಿನ ಚಕ್ಕುಬಂದಿ

ಬಸವನಗುಡಿ ಉಪನೋಂದಣಿ ಕಚೇರಿಯೆದುರು
ಹೊಂಗೆಮರದಡಿ ಮೂವತ್ತೆಂಟು ವರ್ಷ ನನ್ನ ಮೇಜು.
ಈಗ ಎಲ್ಲ ಕಂಪ್ಯೂಟರಿನೊಳಗೆ; ಆದರೂ ಬರುತ್ತಾರೆ
ಅಕ್ಷರ ಬಲ್ಲವರೂ, ಕಾಗದಕ್ಕೆ ಹೆದರುವವರು.

ಆಕೆ ಬಂದದ್ದು ಮೂರೂವರೆಗೆ. ಕಬ್ಬನ್‌ಪೇಟೆಯ ಶಾಕಾಂಬರಿ.
ಕೈಯಲ್ಲಿ ಖಾತೆಯಿಲ್ಲ, ಮೂಲಪತ್ರವಿಲ್ಲ,
ಸೈಬರ್ ಅಂಗಡಿಯಲ್ಲಿ ಪುಟಕ್ಕೆ ಐದು ಕೊಟ್ಟು ತೆಗೆಸಿದ
ಇಪ್ಪತ್ತೆರಡು ಹಾಳೆ.
"ಓದಿ ಹೇಳಿ ಸ್ವಾಮಿ. ನಾಲ್ಕೂವರೆ ಲಕ್ಷದ ಕಸೂತಿ ಮಿಷನ್ನು.
ಸಾಲ ತೀರಿತು. ಸೋಮವಾರದಿಂದ ಸೂಜಿ ಇಳಿಯುತ್ತಿಲ್ಲ.
ಕೆಟ್ಟಿಲ್ಲವಂತೆ.
ಗಡುವು ಮುಗಿದಿದೆಯಂತೆ."

ಓದಿದೆ. ಇಂಥದ್ದನ್ನು ಕೊನೆಯ ಪುಟದವರೆಗೆ ಓದುವವನು
ಈ ಊರಲ್ಲಿ ಬಹುಶಃ ನಾನೊಬ್ಬನೇ, ಕಸುಬಿನ ಚಟ.
ನನ್ನ ಫೋನಿನಲ್ಲಿ ನಾನೂ ಓದದೆ ಒಪ್ಪಿದವನೇ,
ಬಸ್ಸು ಎಲ್ಲಿದೆಯೆಂದು ನೋಡುವ ಅವಸರಕ್ಕೆ.

ನನಗೆ ಬರುವ ಮಂತ್ರ ಬೇರೆ:
ನಿಧಿ ನಿಕ್ಷೇಪ ಜಲ ಪಾಷಾಣ
ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ.
ಮೂವತ್ತು ನಲವತ್ತರ ಸೈಟು, ಬಚ್ಚಲಿಗೂ ಒತ್ತರಿಸಬೇಕು,
ಅದಕ್ಕೂ ಬರೆದೆ, ನೆಲದಡಿಯ ನಿಧಿ ನಿಮ್ಮದೆಂದು,
ಬಾರದ ನೀರು ನಿಮ್ಮದೆಂದು,
ಸೂರ್ಯಚಂದ್ರ ಇರುವ ತನಕ ಎಂದು.
ನಕ್ಕವರಿದ್ದರು.
ಆದರೆ ಹೆಬ್ಬೆಟ್ಟು ಬಿದ್ದ ಮೇಲೆ ಮಾರಿದವನು
ಗೇಟಿನಾಚೆ ನಿಂತು ಕೇಳಬೇಕಿತ್ತು, ಒಳಗೆ ಬರಲಾ ಅಂತ.

ಇಲ್ಲಿ ಮಾರಿದವನು ಒಳಗೇ ಕೂತಿದ್ದಾನೆ.
ಹನ್ನೊಂದನೇ ಪುಟ, ನಾಲ್ಕನೇ ಕಲಮು:
ಇದು ಮಾರಾಟವಲ್ಲ, ಬಳಸಲು ಅನುಮತಿ.
ಕಬ್ಬಿಣ ನಿಮ್ಮದು ತಾಯಿ, ಅಂದೆ, ತೂಕಕ್ಕೆ ಹಾಕಬಹುದು.
ಹೊಲಿಯುವ ಬುದ್ಧಿ ಅವರದು. ವರ್ಷವರ್ಷ ಕಟ್ಟಬೇಕು.

"ಅಂದರೆ ಭೋಗ್ಯ?"

ಭೋಗ್ಯವೂ ಅಲ್ಲ. ಭೋಗ್ಯದ ಮನೆ ಬಿಟ್ಟರೆ ಇಟ್ಟ ದುಡ್ಡು
ಸುಣ್ಣಬಣ್ಣಕ್ಕೆ ಮುರಿದುಕೊಂಡಾದರೂ ವಾಪಸು ಬರುತ್ತದೆ.
ಬಾಡಿಗೆಯೂ ಅಲ್ಲ. ನಲ್ಲಿ ಸೋರಿದರೆ ಬೈಯಲು
ಮೇಲಿನ ಮಹಡಿಯಲ್ಲಿ ಒಬ್ಬ ಓನರಾದರೂ ಇರುತ್ತಾನೆ.
ಇದಕ್ಕೆ ನನ್ನ ಬಳಿ ನಮೂನೆ ಇಲ್ಲ.

"ಎಸ್ಪಿ ರೋಡಿನ ಹುಡುಗ ಬಿಚ್ಚಲೂ ಒಪ್ಪಲಿಲ್ಲ.
ಬಿಚ್ಚಿದರೆ ಅದಕ್ಕೆ ಗೊತ್ತಾಗುತ್ತದಂತೆ."

ಬ್ಯಾಗಿನ ಜಿಪ್ಪು ಎಳೆಯುತ್ತಾ ತಡೆದು ನಿಂತಳು.
"ಮಿಷನ್ನು ಹೋಗಲಿ. ನವಿಲು?"

ಯಾವ ನವಿಲು?

ಅವಳೇ ಬಿಡಿಸಿದ್ದು. ಆಸ್ಪತ್ರೆಯ ವರಾಂಡದಲ್ಲಿ,
ಗಂಡನ ಔಷಧಿ ಬಿಲ್ಲಿನ ಹಿಂಬದಿ, ಎರಡು ರಾತ್ರಿ.
ಮಿಷನ್ನಿಗೆ ಉಣಿಸಿ, ಬಿಲ್ಲು ಎಸೆದಳು.
ಆರು ವರ್ಷ ಮದುವೆ ಹೆಣ್ಣುಗಳ ಬೆನ್ನ ಮೇಲೆ
ಕುಣಿದದ್ದು ಈಗ ಕ್ಲೌಡಿನಲ್ಲಿದೆಯಂತೆ.
ಹಾಗೆಂದರೆ ಮೋಡ, ಅಂದಳಂತೆ ಮಗಳು.
"ಮೋಡ ಕಂಡು ನವಿಲು ಕುಣಿಯೋದು ಗೊತ್ತು ಸ್ವಾಮಿ.
ಮೋಡವೇ ನುಂಗೋದು ಇದೇ ಮೊದಲು."

ಹದಿನೇಳನೇ ಪುಟದಲ್ಲಿ ಇತ್ತು ಅದೂ, ಹೆಸರಿಲ್ಲದೆ:
ಬಳಕೆದಾರರು ಸೇರಿಸಿದ ಸಾಮಗ್ರಿ.

ಯಾಕೋ ಒಂದು ಹಾಳೆ ಎಳೆದುಕೊಂಡೆ.
ಪೂರ್ವಕ್ಕೆ ಕೊಕ್ಕು, ಪಶ್ಚಿಮಕ್ಕೆ ಗರಿ,
ಉತ್ತರಕ್ಕೆ ಜುಟ್ಟು, ದಕ್ಷಿಣಕ್ಕೆ ರವಿಕೆಯ ಲಾಡಿ,
ಈ ಮಧ್ಯೆ ಇರುವ ಸ್ವತ್ತು
ಶಾಕಾಂಬರಿ ಕೋಂ ಲೇಟ್ ದೊಡ್ಡವೀರಪ್ಪನವರಿಗೆ...
ನಡೆಯದ ಕಾಗದ. ಇಬ್ಬರಿಗೂ ಗೊತ್ತಿತ್ತು.

ಅವಳು ಪೆನ್ನು ಇಸಿದುಕೊಂಡು ಅಂಚಿನಲ್ಲಿ ಬಿಡಿಸತೊಡಗಿದಳು.
ಕೊಕ್ಕು ಬಂತು. ಕುತ್ತಿಗೆ ಒಂದೇ ಎಳೆಗೆ ಬಂತು.
ಗರಿಯ ಕಣ್ಣುಗಳಿಗೆ ಬಂದಾಗ ಕೈ ನಿಂತಿತು.
ಹತ್ತೊಂಬತ್ತೋ, ಇಪ್ಪತ್ತೊಂದೋ.
"ಲೆಕ್ಕ ಅದರ ಹತ್ತಿರ ಇತ್ತು," ಅಂದಳು.

ಕಚೇರಿಯ ಷಟರು ಎಳೆದರು. ನಾನು ಮೇಜು ಮಡಚಲಿಲ್ಲ.
ಅವಳು ಬೆರಳು ಮಡಚುತ್ತಿದ್ದಳು,
ಬಿಚ್ಚುತ್ತಿದ್ದಳು,
ಮತ್ತೆ ಒಂದರಿಂದ.