ಏನಾದರೂ ಸಿಕ್ಕಿತೇ?

ರಾತ್ರಿಯಿಡೀ ಬೀಸಿದ ಗಾಳಿಗೆ
ಸೀಮೆಸುಣ್ಣದ ಬಂಡೆಯ ಒಂದು ಕೆನ್ನೆ ಕುಸಿದಿದೆ.
ಬಾಲ್ಟಿಕ್ ಕಡಲು ಇನ್ನು ಮೂರು ದಿನ ಹಾಲು.
ಇಂಥ ಸುದ್ದಿ ಕೇಳಿದರೆ ರ‍್ಯೂಗೆನ್ ದ್ವೀಪದಲ್ಲಿ
ಬುದ್ಧಿಯಿದ್ದವರು ದಡದಿಂದ ದೂರ ಉಳಿಯುತ್ತಾರೆ;
ನಾನು ಬೂಟು ಹುಡುಕುತ್ತೇನೆ.

ಬೆಳಗಿನ ಐದೂವರೆ. ಹಣೆಗೆ ದೀಪ.
ಆಚೆ ತುದಿಯಲ್ಲಿ ಆಗಲೇ ಇನ್ನೊಂದು ದೀಪ:
ಹಿನ್ನೆರ್ಕ್. ಬಂದರಿನಲ್ಲಿ ಮೂವತ್ತು ವರ್ಷ ಹಡಗಿನ ಹಗ್ಗ ಎಳೆದವನು.
'ಏನಾದರೂ ಸಿಕ್ಕಿತೇ?'
'ಏನಿಲ್ಲ. ನಿನಗೆ?'
'ಏನಿಲ್ಲ.'
ಇಬ್ಬರ ಜೇಬೂ ತೊಡೆಗೆ ಬಡಿಯುತ್ತಿದೆ.

ಹುಡುಕಬಾರದು. ಅದೇ ಗುಟ್ಟು.
ಕಣ್ಣನ್ನು ಸಡಿಲ ಬಿಡಬೇಕು, ಕಟ್ಟು ಬಿಚ್ಚಿದ ಕರುವಿನ ಹಾಗೆ.
ಅದು ಮೂಸುತ್ತ ಮೂಸುತ್ತ ಹೋಗಿ
ಹತ್ತು ಸಾವಿರ ಕಲ್ಲಿನ ನಡುವೆ
ಒಂದರ ಮುಂದೆ ನಿಂತುಬಿಡುತ್ತದೆ.
ಯಾಕೆಂದು ತಲೆಗೆ ತಿಳಿಯುವ ಮೊದಲೇ
ಬೆನ್ನು ಬಗ್ಗಿರುತ್ತದೆ.

ಸಿಡಿಲಕಡ್ಡಿ ಸಿಕ್ಕರೆ ಅದು ಲೆಕ್ಕಕ್ಕಿಲ್ಲ.
ಜೇನಿನ ಬಣ್ಣ, ಪೆನ್ಸಿಲಿನ ಮೊನೆ;
ಸಿಡಿಲು ಹೊಡೆದಲ್ಲಿ ನೆಲ ಹೆತ್ತದ್ದು ಎನ್ನುತ್ತಿದ್ದಳು ಅಜ್ಜಿ.
ಅಲ್ಲಜ್ಜಿ, ಬೊಂಡಾಸಿನ ಮುತ್ತಾತನೊಬ್ಬನ ಒಳಗಡ್ಡಿ ಎಂದರೆ
'ಇರಲಿ, ನಮ್ಮ ಮನೆಗೆ ಸಿಡಿಲು ಬಡಿದಿಲ್ಲವಲ್ಲ.'
ತೂತುಬಿದ್ದ ಚಕಮಕಿ ಕಲ್ಲನ್ನು ದಾರಕ್ಕೆ ಪೋಣಿಸಿ
ಗೂಡಿಗೆ ಕಟ್ಟುತ್ತಿದ್ದಳು. ಹೆಸರೇ ಕೋಳಿದೇವರು.
ಕೋಳಿಗಳಿಗೆ ಭಕ್ತಿಯಿತ್ತೋ ಏನೋ,
ನರಿಗೆ ಇರಲಿಲ್ಲ.

ನಾನು ಹಲ್ಲಿನ ಡಾಕ್ಟರ ಪಕ್ಕ ನಿಂತು
ಹತ್ತಿ, ಕೊಕ್ಕೆ, ಕನ್ನಡಿ ಎತ್ತಿಕೊಡುವವಳು.
ಮೊಂಡಾದ ಸೂಜಿ, ಸವೆದ ಬ್ರಷ್ಷು
ಎಲ್ಲ ಕೊನೆಗೆ ನನ್ನ ಅಡುಗೆಮನೆಗೆ ಬರುತ್ತವೆ.
ಶನಿವಾರ ರಾತ್ರಿ, ರೇಡಿಯೋ ಸಣ್ಣಗೆ,
ಒದ್ದೆ ಸುಣ್ಣವನ್ನು ಕೆರೆಯುತ್ತ ಕೆರೆಯುತ್ತ
ಮೊದಲು ಒಂದು ಚುಕ್ಕಿಸಾಲು,
ಆಮೇಲೆ ಐದು ದಾರಿ ಕೂಡುವ ನೆತ್ತಿ:
ಏಳು ಕೋಟಿ ವರ್ಷದ ಕಡಲಿನ ಮುಳ್ಳುಚೆಂಡು,
ಮುಳ್ಳೆಲ್ಲ ಉದುರಿ, ಬೋಳಾಗಿ, ಬನ್ನಿನ ಹಾಗೆ ಉಬ್ಬಿ.
'ಬಾಯಿ ಅಗಲ ತೆರೀರಿ' ಎಂದುಬಿಟ್ಟೆ ಒಮ್ಮೆ, ಅಭ್ಯಾಸಬಲ.
ಅದರ ಬಾಯಿ ಅಡಿಯಲ್ಲಿರುತ್ತದೆ.

ಏಳು ಕೋಟಿ: ಆ ಸಂಖ್ಯೆ ನನಗೆ ಏನೂ ಹೇಳುವುದಿಲ್ಲ.
ಹೇಳುವುದು ತೂಕ. ಅದು ಅಂಗೈಯಲ್ಲಿ ಕೂರುವ ಬಗೆ,
ತಣ್ಣಗಿದ್ದದ್ದು ಮೆಲ್ಲಗೆ ನನ್ನ ಬಿಸಿ ಕುಡಿಯುವುದು.

ಮಂಚದ ಕೆಳಗೆ ಹತ್ತೊಂಬತ್ತು ಚಪ್ಪಲಿ ಡಬ್ಬ.
ಚೀಟಿಗಳ ಮೇಲೆ ತಾರೀಖು, ಗಾಳಿಯ ದಿಕ್ಕು,
'ಅಕ್ಕನ ಜೊತೆ ಜಗಳ', 'ಮನೆಗೆ ಬರುವಷ್ಟರಲ್ಲಿ ಸೂಪು ಸೀದಿತ್ತು'.
ಒಂದು ಡಬ್ಬದ ತುಂಬ ಬರೀ ಕಲ್ಲು:
ಒದ್ದೆಯಿದ್ದಾಗ ರತ್ನ, ಒಣಗಿದ ಮೇಲೆ ಬೂದಿ.
ಎಸೆಯಲಾರೆ. ಆಗಾಗ ನಲ್ಲಿಯ ಕೆಳಗೆ ಹಿಡಿಯುತ್ತೇನೆ.

ಹೋದ ವಾರ ಸಿಕ್ಕಿದ್ದು ಎಲ್ಲಕ್ಕಿಂತ ಚೆಂದ.
ಒಂದು ಗೀರಿಲ್ಲ, ಚುಕ್ಕಿ ಒಂದೂ ತಪ್ಪಿಲ್ಲ,
ಮೆಟ್ಟಿಲ ಪಕ್ಕದಲ್ಲೇ, ಯಾರೋ ಇಟ್ಟ ಹಾಗೆ.
ಕುಣಿದೆ. ಐವತ್ತೆಂಟರ ಹೆಂಗಸು, ಕಡಲಹಕ್ಕಿಗಳ ಎದುರು.
ಮನೆಗೆ ಬಂದು ಮಗುಚಿದರೆ
ಬಾಯಿಯ ಬಳಿ ಕಪ್ಪು ಶಾಯಿ, ಇರುವೆಯಷ್ಟು ಬರಹ:
ಹಿ. ೨೧೪.

ಬುಧವಾರ ಶಾಲೆಯ ಮಕ್ಕಳು ದಡಕ್ಕೆ ಬರುತ್ತಾರೆ.
ಪ್ರತಿ ವರ್ಷ ಯಾರೋ ಒಬ್ಬರಿಗೆ ಅದೃಷ್ಟ.
ಈಗ ತಿಳಿಯಿತು, ಕಿಲಾಡಿ ಮುದುಕ,
ನಿನ್ನ ಜೇಬು ಬರುವಾಗಲೇ ಯಾಕೆ ಭಾರವೆಂದು.

ಮಂಗಳವಾರ ಸಂಜೆ ಅದನ್ನು ವಾಪಸು ಒಯ್ದೆ.
ಮೆಟ್ಟಿಲ ಪಕ್ಕ ಇಟ್ಟೆ. ಹತ್ತು ಹೆಜ್ಜೆ ನಡೆದೆ.
ತಿರುಗಿ ಬಂದು ಎತ್ತಿಕೊಂಡೆ.
ಕಂಡದ್ದು ನನ್ನ ಕಣ್ಣು. ಬಗ್ಗಿದ್ದು ನನ್ನ ಬೆನ್ನು.
ಅದರ ಜಾಗಕ್ಕೆ ನನ್ನದೊಂದನ್ನು ಇಟ್ಟೆ,
ಅಂಚು ಚೂರು ಮುಕ್ಕು, ಮಕ್ಕಳಿಗೆ ಗೊತ್ತಾಗುವುದಿಲ್ಲ,
ಸಂಖ್ಯೆಯನ್ನು ಮಾತ್ರ ಚೆನ್ನಾಗಿ ಉಜ್ಜಿ ಅಳಿಸಿ.

ಬೆಳಗ್ಗೆ ಎದುರಾದ ಹಿನ್ನೆರ್ಕ್.
'ಏನಾದರೂ ಸಿಕ್ಕಿತೇ?'
'ಏನಿಲ್ಲ' ಎಂದೆ.
ನಕ್ಕನೋ ಏನೋ. ಮಫ್ಲರು ಮೂಗಿನವರೆಗೆ ಇತ್ತು.