ಕಾರು ನಿಲ್ಲುವ ನೆಲ

ಏಪ್ರಿಲ್ ಮೊದಲ ವಾರ. ಮಳೆಗೆ ಮುಂಚೆ ಮುಗಿಯಬೇಕು.
ಕಾರನ್ನು ತಳ್ಳಿ ಬೀದಿಯ ಹೊಂಗೆಯಡಿ ನಿಲ್ಲಿಸಿದೆವು,
ಬ್ಯಾಟರಿ ಸತ್ತು ಎಷ್ಟು ದಿನವೋ.
ಆಮೇಲೆ ಹೊರಬಂದವು: ತುಕ್ಕು ಹಿಡಿದ ಜಾಕಿ,
ಮೂರು ಗಾಲಿ ಸೈಕಲ್ಲಿನ ಎರಡು ಗಾಲಿ,
ಯಾರೂ ಕೇಳದ ಒಂದು ಜೊತೆ ಹೆಂಗಸರ ಚಪ್ಪಲಿ.
ಚಪ್ಪಲಿಯನ್ನು ನಾನೇ ಗೂಡಿನ ಮೇಲಿಟ್ಟೆ.

ನೆಲ ಹಸಿರು. ಆಸ್ಪತ್ರೆ ಗೋಡೆಗೆ
ಸೊಂಟದ ಮಟ್ಟಕ್ಕೆ ಬಳಿದಿರುತ್ತಾರಲ್ಲ, ಆ ಹಸಿರು.
ಗಾಲಿ ನಿಲ್ಲುವ ನಾಲ್ಕೂ ಕಡೆ
ಚಪಾತಿಯಗಲ ಎದ್ದು ಬಂದಿತ್ತು.
ಬಿಸಿ ಟೈರು ಪೇಂಟನ್ನು ನೆಕ್ಕುತ್ತದಂತೆ,
ಆರೋಗ್ಯಸ್ವಾಮಿ ಹೇಳಿದ, ಕುಕ್ಕರಗಾಲಲ್ಲಿ ಕೂತು,
ಬೀಡಿ ಕಿವಿಗೆ ಸಿಕ್ಕಿಸಿ. ಲಿಂಗರಾಜಪುರದ
ಅರ್ಧ ಮನೆಗಳ ನೆಲ ಅವನಿಗೆ ಬಾಯಿಪಾಠ.

"ಮೊದಲು ಬಳಿದದ್ದು ಯಾರಮ್ಮ? ಕೂಲಿಯವನ ಕೈಯಲ್ಲ ಇದು.
ಮೂಲೆ ಮೂಲೆಗೆ ಹಲ್ಲುಜ್ಜೋ ಬ್ರಶ್ಶಲ್ಲಿ ತೀಡಿದ್ದಾರೆ."
ಇವರು ಒಳಗಿದ್ದರು. ಕೇಳಿಸಿತೋ ಇಲ್ಲವೋ.
ವಾರಿಜ ಅಂತ, ಅಂದೆ. ಇವರ ಮೊದಲನೆಯವರು.
ಅವನು ತಲೆಯಾಡಿಸಿ ಒಂದು ಗೇಣು ಟೇಪು ಹರಿದ,
ನೆಲಕ್ಕಂಟಿಸಿ, ಹೆಬ್ಬೆರಳಲ್ಲಿ ಉಜ್ಜಿ, ಸರಕ್ಕನೆ ಎಳೆದ.
ಗೇಟಿನ ಬಳಿ ಟೇಪಿನ ತುಂಬ ಹಸಿರು.
ಹಿಂಗೋಡೆಯ ಹತ್ತಿರ ಬರೀ ಧೂಳು.

"ಬಿಟ್ಟದ್ದನ್ನ ಕೆರೀಬೇಕು. ಹಿಡಿದದ್ದನ್ನ ಕೀಳಬಾರದು.
ಹೊಳಪು ತೆಗೆದರೆ ಸಾಕು, ಹೊಸದು ಅದರ ಮೇಲೇ ಕೂರುತ್ತೆ."

ಎರಡು ದಿನ ಕೆರೆದೆವು, ಅವನೂ ನಾನೂ.
ಹಸಿರಿನಡಿ ಕೆಂಪು, ಕೆಂಪಿನಡಿ ಸಿಮೆಂಟು,
ಇನ್ನೂ ಯಾರದೂ ಆಗಿರದ ನೆಲ.
ಸೀನಿದರೆ ಸೆರಗಿನ ತುದಿ ಹಸಿರು.

ಕಾವೇರಿ ನೀರು ದಿನ ಬಿಟ್ಟು ದಿನ.
ಬಂದ ದಿನವೆಲ್ಲ ಸೋಪಿನ ಪುಡಿ, ಕುದಿನೀರು, ಗೀಚುಪೊರಕೆ.
ಎಂಜಿನ್ನು ತೊಟ್ಟಿಕ್ಕಿದ ಕಡೆ ಮಾತ್ರ ನೀರು
ಕೆಸುವಿನೆಲೆ ಮೇಲಿನಂತೆ ಮಣಿಮಣಿಯಾಗಿ ನಿಂತಿತು.
"ಇನ್ನೊಂದು ಸಲ," ಅಂದ. ಹಾಗೆ ಮೂರು ಸಲ ಅಂದ.
ನಾಲ್ಕನೆಯದಕ್ಕೆ ಹರಡಿ, ಕಪ್ಪಾಗಿ, ಒಳಗಿಳಿಯಿತು.

ಹಿಂಗೋಡೆಯ ಬುಡದಲ್ಲಿ, ರಟ್ಟಿನ ಪೆಟ್ಟಿಗೆ ಎತ್ತಿದಲ್ಲಿ,
ಬಿಳಿ ಎನಾಮೆಲಿನ ರಂಗೋಲಿ:
ಏಳು ಚುಕ್ಕಿ, ನಾಲ್ಕಕ್ಕೆ ನಿಲ್ಲಿಸುವುದು.
ಒಂದು ಎಳೆ ಸೇರಿರಲಿಲ್ಲ.
ಶೆಡ್ಡಿನ ಕತ್ತಲಲ್ಲಿ, ಗೋಡೆಗೆ ಮುಖ ಮಾಡಿ
ಯಾರು ನೋಡಲೆಂದು ಬರೆದರೋ.
ಟೇಪು ಹಚ್ಚಿ ಎಳೆದೆ. ಬರಲಿಲ್ಲ.
ಉಗುರಲ್ಲಿ ಕೆರೆದೆ. ಹೌದು, ಕೆರೆದೆ. ಬರಲಿಲ್ಲ.
ಆಮೇಲೆ ಮರದ ತುಂಡಿಗೆ ಉಪ್ಪುಕಾಗದ ಸುತ್ತಿ
ಮಗುವಿನ ಹಣೆಗೆ ವಿಭೂತಿ ಹಚ್ಚುವಷ್ಟೇ ಹಗುರಾಗಿ
ಉಜ್ಜಿದೆ, ಹೊಳಪು ಹೋಗುವವರೆಗೆ.

ರಾತ್ರಿ ನೆಲಕ್ಕೊಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ ಮಲಗಿದೆವು.
ಬೆಳಗ್ಗೆ ಅದರೊಳಗೆ ಬೆವರಿರಲಿಲ್ಲ.

ಎಸ್.ಜೆ.ಪಿ. ರಸ್ತೆಯಿಂದ ತಂದ ಎರಡು ಡಬ್ಬ.
"ಬೇರೆ ಬೇರೆ ಇದ್ದರೆ ವರ್ಷಗಟ್ಟಲೆ ಹಂಗೇ ಇರ್ತವೆ.
ಕಲಸಿದರೆ ಮುಕ್ಕಾಲು ಗಂಟೆ ಟೈಮು. ಫೋನು ಗೀನು ತೆಗೀಬೇಡಿ."
ಬಂತು, ತಂಗಿಯದು. ತೆಗೆಯಲಿಲ್ಲ.
ಹಿಂಗೋಡೆಯಿಂದ ಗೇಟಿನ ಕಡೆಗೆ
ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ರೋಲರು ಎಳೆದ.
ಬೂದು ಬಣ್ಣ. ಇವರು ಬಾಗಿಲಿಗೆ ಬಂದು ನೋಡಿ
"ಧೂಳು ಕಾಣಲ್ಲ, ಒಳ್ಳೇದು," ಅಂದರು.

ಸಂಜೆ ಬಿಸಿಲು ಅಡ್ಡಕ್ಕೆ ಬಿದ್ದಾಗ
ಮೈ ಜುಮ್ಮೆಂದಂತೆ ಎದ್ದಿದ್ದವು
ಬೂದಿನೊಳಗಿಂದ ಏಳು ಚುಕ್ಕಿ.
"ಇನ್ನೊಂದು ಕೈ ಹೊಡೆದರೆ ಮುಚ್ಚುತ್ತೆ. ಹೊಡೀಲಾ?"
ಡಬ್ಬ ನೋಡಿದೆ. ಉಳಿದದ್ದು ಆಗಲೇ ಕಲ್ಲು,
ಕಲಕುವ ಕೋಲು ನೆಟ್ಟಗೆ ನಿಂತಿತ್ತು.
ಅಂಗಡಿ ದೂರವೇನಲ್ಲ. ಬೇಡ, ಅಂದೆ.

ವಾರ ಕಳೆದು ಕಾರು ಒಳಗೆ ತಳ್ಳಿದೆವು,
ತಲೆಯ ಮೇಲೆಲ್ಲ ಹೊಂಗೆ ಹೂವು,
ಸ್ಟಿಯರಿಂಗಿಗೆ ಇವರು, ಹಿಂದೆ ನಾನು.
"ಸಾಕು, ಅಲ್ಲೇ ನಿಲ್ಲಿಸಿ."
ಗೋಡೆಗೆ ಇನ್ನೂ ಎರಡು ಮೊಳ ಜಾಗವಿತ್ತು,
ಡಿಕ್ಕಿ ಗೇಟಿಗೆ ತಾಗುವಂತಿತ್ತು.
ಇವರು ಹ್ಯಾಂಡ್‌ಬ್ರೇಕು ಎಳೆದು
ಸ್ವಲ್ಪ ಹೊತ್ತು ಒಳಗೇ ಕೂತಿದ್ದರು.